ಪಕ್ಕದ ಕೋಣೆಯ ಫೋಟೊಗೆ ಊರೆಲ್ಲ ಸುತ್ತಬೇಕಾ?

ಹಳೇ ಪಿಸಿಯನ್ನು ಮನೆಯ ಸರ್ವರ್ ಮಾಡಿಕೊಂಡವರು ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯೂ ಸಿಗುತ್ತಾರೆ. ಫೋಟೊಗೆ ಇಮ್ಮಿಚ್, ಯಕ್ಷಗಾನದ ವಿಡಿಯೊಗೆ ಜೆಲ್ಲಿಫಿನ್ ಎಂಬ ತಂತ್ರಾಂಶ. ಒಳ್ಳೇದೇ. ಆದರೆ ಎಷ್ಟೋ ಜನ ಮನೆಯೊಳಗೆ ಬಳಸುವುದಕ್ಕೂ ಹೊರಗಿನ ಕಂಪೆನಿಯ ಟನಲ್ (ಇಂಟರ್‌ನೆಟ್ ಸುತ್ತಿ ಮನೆಗೆ ಬರುವ ದಾರಿ) ನಂಬಿಕೊಂಡಿರುತ್ತಾರೆ. ಮಳೆಗಾಲದ ಆಟಿ ತಿಂಗಳ ಗಾಳಿಗೆ ಒಂದು ಕಂಗು (ಅಡಿಕೆ ಮರ) ಫೈಬರ್ ಮೇಲೆ ಬಿದ್ದರೆ ಮುಗಿಯಿತು. ಹಾರ್ಡ್‌ಡಿಸ್ಕ್ ಪಕ್ಕದ ಕೋಣೆಯಲ್ಲೇ ಇದೆ, ಇನ್ವರ್ಟರ್ ಓಡುತ್ತಿದೆ, ಮಗಳ ಫೋಟೊ ಮಾತ್ರ ತೆರೆಯುವುದಿಲ್ಲ. ಇದೆಂಥ ಅವಸ್ಥೆ ಮಾರಾಯ್ರೆ!

ಮನೆಯೊಳಗಿನ ಹೆಸರಿಗೆ ಮನೆಯೊಳಗೇ ಉತ್ತರ ಸಿಗಬೇಕು. ನನ್ನ ಹಟ ಇಷ್ಟೇ.

ಐಪಿ (ಸರ್ವರಿನ ಅಂಕಿ ವಿಳಾಸ) ಮತ್ತು ಪೋರ್ಟ್ (ಅದರೊಳಗಿನ ಒಂದೊಂದು ಸೇವೆಯ ಬಾಗಿಲ ಸಂಖ್ಯೆ) ಹೊಡೆದರೂ ಆಗುತ್ತದೆ, ನಿಜ. ಆದರೆ ಜೆಲ್ಲಿಫಿನ್‌ಗೆ 8096, ಇಮ್ಮಿಚ್‌ಗೆ 2283 ಅಂತ ಅಮ್ಮ ಯಾಕೆ ನೆನಪಿಟ್ಟುಕೊಳ್ಳಬೇಕು? ಮನೆಯೊಳಗೇ ಹೆಸರಿಗೆ ಐಪಿ ಹೇಳುವ ಪೈ-ಹೋಲ್ ಎಂಬ ತಂತ್ರಾಂಶದಲ್ಲಿ 'ಆಟ.ಹೋಮ್.ಆರ್ಪಾ', 'ಫೋಟೊ.ಹೋಮ್.ಆರ್ಪಾ' ಎರಡಕ್ಕೂ ಸರ್ವರಿನ ಒಂದೇ ಐಪಿ ಕೊಡಿ (ಇಂಗ್ಲಿಷ್ ಅಕ್ಷರದಲ್ಲೇ ಹಾಕಿ; ಆಟ ಅಂದರೆ ಯಕ್ಷಗಾನ, ಅದು ಜೆಲ್ಲಿಫಿನ್‌ಗೆ). ಆ ಐಪಿ ಬದಲಾಗದ ಹಾಗೆ ರೌಟರಿನಲ್ಲಿ ಕಾದಿರಿಸಿ. ಡಿಎನ್‌ಎಸ್‌ನ (ಹೆಸರನ್ನು ಐಪಿಗೆ ಬದಲಿಸುವ ವ್ಯವಸ್ಥೆ) ಈ ದಾಖಲೆಗೆ ಪೋರ್ಟ್ ಗೊತ್ತಿಲ್ಲ, ಅದು ಐಪಿ ಹೇಳಿ ಸುಮ್ಮನಾಗುತ್ತದೆ. ಯಾವ ಹೆಸರು ಕೇಳಿ ಬಂದರು ಅಂತ ನೋಡಿ ಸರಿಯಾದ ಪೋರ್ಟಿಗೆ ಕಳಿಸುವುದು ರಿವರ್ಸ್ ಪ್ರಾಕ್ಸಿಯ ಕೆಲಸ. ಕ್ಯಾಡಿ ಎಂಬ ಪ್ರಾಕ್ಸಿಯಲ್ಲಿ ಒಂದೊಂದು ಹೆಸರಿಗೆ ಮೂರೇ ಸಾಲು.

'.ಲೋಕಲ್' ಇಡಬೇಡಿ. ಅದು ಎಂಡಿಎನ್‌ಎಸ್‌ನ (ಯಂತ್ರಗಳು ತಮ್ಮತಮ್ಮಲ್ಲೇ ಹೆಸರು ಕೇಳಿಕೊಳ್ಳುವ ಪದ್ಧತಿ) ಪಾಲು, ಅದಕ್ಕೂ ಪೈ-ಹೋಲ್‌ಗೂ ಜಗಳ ಆಗುತ್ತದೆ. 'ಹೋಮ್.ಆರ್ಪಾ'ವನ್ನು 2018ರಲ್ಲೇ ಮನೆಯ ನೆಟ್‌ವರ್ಕಿಗೆ ಅಂತ ಮೀಸಲಿಟ್ಟಿದ್ದಾರೆ. ಅದಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸುರಕ್ಷತಾ ಸರ್ಟಿಫಿಕೇಟ್ ಸಿಗುವುದಿಲ್ಲ. ಬ್ರೌಸರ್ ಗೊಣಗಬಾರದು ಅಂದರೆ ಸ್ವಂತ ಡೊಮೇನ್ ತಗೊಂಡು ಡಿಎನ್‌ಎಸ್-01 (ಡೊಮೇನ್ ನಿಮ್ಮದೇ ಅಂತ ಡಿಎನ್‌ಎಸ್ ದಾಖಲೆಯಲ್ಲೇ ತೋರಿಸುವ ವಿಧಾನ) ಮೂಲಕ ಪಡೆಯಿರಿ. ಹೊರಗಿನವರಿಗೆ ಪೋರ್ಟ್ ತೆರೆಯುವ ಅಗತ್ಯವೇ ಇಲ್ಲ.

ರೌಟರಿನ ಮೊದಲ ಡಿಎನ್‌ಎಸ್ ಖಾನೆಯಲ್ಲಿ ಪೈ-ಹೋಲ್ ಇರುವ ಯಂತ್ರದ ಐಪಿ ಹಾಕಿ. ಇನ್ನು ಎರಡನೇ ಖಾನೆ. ಅಲ್ಲಿ ಗೂಗಲ್‌ನ 8.8.8.8 ತುಂಬುವ ಚಪಲ ಎಲ್ಲರಿಗೂ ಇರುತ್ತದೆ, ಅಲ್ವಾ? ಅದು ಆಪತ್ಕಾಲಕ್ಕೆ ಕಾದು ಕೂರುವುದಿಲ್ಲ. ಫೋನು ತನಗೆ ಬೇಕಾದಾಗ ಅದನ್ನೂ ಕೇಳುತ್ತದೆ. ನಿಮ್ಮ 'ಆಟ' ಯಾವುದು ಅಂತ ಗೂಗಲ್‌ಗೇನು ಗೊತ್ತು? ಬೆಳಿಗ್ಗೆ ತೆರೆದದ್ದು ಸಂಜೆ ತೆರೆಯುವುದಿಲ್ಲ. ಆ ಖಾನೆ ಖಾಲಿ ಬಿಡಿ. ಆಂಡ್ರಾಯ್ಡ್ ಫೋನಿನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಹೊರಗಿನ ಯಾವುದಾದರೂ ಡಿಎನ್‌ಎಸ್ ಸರ್ವರಿನ ಹೆಸರು ಹಾಕಿದ್ದರೆ ಅದನ್ನೂ ತೆಗೆಯಿರಿ. ಕಂಪೆನಿ ಕೊಟ್ಟ ರೌಟರ್ ಡಿಎನ್‌ಎಸ್ ಬದಲಿಸಲು ಬಿಡದಿದ್ದರೆ ಅದರ ಡಿಎಚ್‌ಸಿಪಿ (ಫೋನು, ಪಿಸಿಗಳಿಗೆ ಐಪಿ, ಡಿಎನ್‌ಎಸ್ ಹಂಚುವ ಕೆಲಸ) ಆಫ್ ಮಾಡಿ, ಪೈ-ಹೋಲ್‌ಗೇ ಆ ಕೆಲಸ ವಹಿಸಿ.

ಬೆಂಗಳೂರಿನಲ್ಲಿರುವ ತಮ್ಮ ನೋಡಬೇಕಾದರೆ? ಅವನಿಗೆ ಬೇರೆ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಗುಪ್ತ ದಾರಿ) ಮಾಡಿಕೊಡಿ. ಆಗ ನೆಟ್ ಹೋದರೆ ಅವನೊಬ್ಬನಿಗೆ ಮಾತ್ರ ತೊಂದರೆ.