ಹುಳ ಸಾಕೋದು ನಾನು, ಮಾತು ಇವರ ಹತ್ತಿರ

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕೋ ಮನೆಗೆ ಯಾರೇ ಬರಲಿ, "ಯಜಮಾನ್ರು ಇಲ್ವಾ?" ಅಂತಲೇ ಶುರು. ಸೊಪ್ಪಿನ ಬುಟ್ಟಿ ಹಿಡಿದು ಎದುರಿಗೇ ನಿಂತಿರುತ್ತೇನೆ ನಾನು!

ಮರಿ ಹುಳಕ್ಕೆ ಸೊಪ್ಪು ಸಣ್ಣಗೆ ಹೆಚ್ಚೋದು, ಹಿಕ್ಕೆ ತೆಗೆಯೋದು, ಜ್ವರಕ್ಕೆ ಕೂತಾಗ (ಅಂದ್ರೆ ಹುಳ ಮೇವು ಬಿಟ್ಟು ಪೊರೆ ಕಳಚೋವಾಗ) ಸುಣ್ಣ ಉದುರಿಸೋದು ಎಲ್ಲಾ ನಾನೇ. ನಾಲ್ಕನೇ ಜ್ವರ ಎದ್ದ ಮೇಲಂತೂ ಕೇಳಲೇಬೇಡಿ. ಹುಳ ತಿನ್ನೋದು ಜಾಸ್ತಿ, ನನಗೆ ನಿದ್ದೆ ಇಲ್ಲ. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟಿಗೆ, ಬಿಡೋದೂ ನಾನೇ. ಗೂಡು ಮಾರ್ಕೆಟ್ಟಿಗೆ ಹೋಗೋ ದಿನ ಮಾತ್ರ ಇವರು ಇಸ್ತ್ರಿ ಶರ್ಟ್ ಹಾಕುತ್ತಾರೆ. ಹರಾಜಿನ ದುಡ್ಡೂ ಇವರ ಖಾತೆಗೇ. (ಪಹಣಿ ಮಾವನ ಹೆಸರಲ್ಲಿದೆ, ಅದು ಬೇರೆ ಕಥೆ.)

ಮೊನ್ನೆ ಔಷಧಿಯವನು ಬಂದು ಹುಳಕ್ಕೆ ಹಾಲುತೊಂಡೆ ರೋಗ ಇದೆಯಾ ಅಂತ ಇವರನ್ನು ಕೇಳಿದ. ಇವರು ನನ್ನನ್ನು ಕೇಳಿದರು. ನಾನು ಹೇಳಿದ್ದನ್ನೇ ಇವರು ಅವನಿಗೆ ಹೇಳಿದರು. ನೇರವಾಗಿ ನನ್ನನ್ನೇ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?