ಕಾರ್ಯಾಗಾರ ಮುಗಿಯಿತು, ಪ್ರಮಾಣಪತ್ರವೂ ಬಂತು. ಆಮೇಲೆ?

‘ಎರಡೇ ದಿನಗಳಲ್ಲಿ ಹೊಸ ಥೆರಪಿ ಕಲಿಯಿರಿ’ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎರಡು ದಿನಗಳಲ್ಲಿ ತತ್ವ ತಲೆಗೆ ಹೋಗಬಹುದು. ನಾಲಿಗೆಯ ರೂಢಿ ಬದಲಾಗುವುದಿಲ್ಲ. ಅದರಲ್ಲೂ ನುರಿತ ಮನಶ್ಚಿಕಿತ್ಸಕರ ಪಾಡು ಹೊಸಬರಿಗಿಂತ ಕಷ್ಟ. ಹೊಸಬರಿಗೆ ಬಿಡಬೇಕಾದ ಅಭ್ಯಾಸಗಳಾದರೂ ಕಡಿಮೆ.

ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಪದ್ಧತಿಯನ್ನೇ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆಯಿರುವವರಿಗಾಗಿ ಇದನ್ನು ಮೊದಲು ವಿವರಿಸಿದರು. ಉಪದೇಶ ಮಾಡದೆ, ಬದಲಾಗಬೇಕೆನ್ನುವ ಕಾರಣಗಳು ಎದುರಿಗೆ ಕುಳಿತವರ ಬಾಯಿಂದಲೇ ಬರುವಂತೆ ಮಾತು ನಡೆಸುವುದು ಇದರ ತಿರುಳು. ಓದಿದರೆ ಇಷ್ಟೇನಾ ಅನಿಸುತ್ತದೆ. ಆಮೇಲೆ ಒಬ್ಬರು ಬಂದು ಕುಳಿತು, “ಬಿಡಬೇಕು ಎಂದು ನನಗೂ ಅನಿಸುತ್ತದೆ ಮೇಡಂ, ಆದರೆ ಸಂಜೆಯಾದರೆ ತಡೆಯಲು ಆಗುವುದಿಲ್ಲ” ಎನ್ನುತ್ತಾರೆ. ಆ ಮಾತಿನ ಮೊದಲರ್ಧವನ್ನು ಹಿಡಿದು, “ಬಿಡಬೇಕು ಎಂದು ಯಾಕೆ ಅನಿಸುತ್ತದೆ?” ಎಂದು ಕೇಳಬೇಕು. ಆದರೆ ವರ್ಷಗಟ್ಟಲೆ ಸಲಹೆ ಕೊಟ್ಟವರ ಕಿವಿಗೆ ಬೀಳುವುದು ಎರಡನೆಯ ಅರ್ಧ ಮಾತ್ರ. “ಸಂಜೆ ಹೊತ್ತು ವಾಕಿಂಗ್ ಹೋಗಿ ನೋಡಿ” ಎಂದುಬಿಡುತ್ತಾರೆ. “ಅದನ್ನೂ ಮಾಡಿ ನೋಡಿದೆ” ಎಂದು ಅವರು, ಮತ್ತೊಂದು ಸಲಹೆಯೊಂದಿಗೆ ಇವರು. ಉಳಿದ ಸೆಷನ್ ಹಗ್ಗಜಗ್ಗಾಟದಲ್ಲೇ ಕಳೆಯುತ್ತದೆ.

ಇಷ್ಟಾದ ಮೇಲೂ ಚಿಕಿತ್ಸಕರು ಹೊಸ ಪದ್ಧತಿಯಂತೆಯೇ ನಡೆಸಿದೆ ಎಂದು ನಂಬಿರುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ, ಪಾಪ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಚಿಕಿತ್ಸಕರು ತಮ್ಮ ಕೌಶಲವನ್ನು ಸಹೋದ್ಯೋಗಿಗಳ ಜೊತೆ ಹೋಲಿಸಿ ಅಳೆದುಕೊಂಡರು. ತಾನು ಸರಾಸರಿಗಿಂತ ಕೆಳಗೆ ಎಂದವರು ಒಬ್ಬರೂ ಇರಲಿಲ್ಲ. (ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ.)

ಆದ್ದರಿಂದ ಕಲಿಕೆಯ ನಿಜವಾದ ಜಾಗ ರೆಕಾರ್ಡಿಂಗ್. ಕ್ಲೈಂಟ್ ಒಪ್ಪಿಗೆ ಪಡೆದು ಸೆಷನ್ ಮುದ್ರಿಸಿಕೊಂಡು, ಬಲ್ಲವರ ಮುಂದೆ ಕೇಳಿಸಿ ತಿದ್ದಿಸಿಕೊಳ್ಳಬೇಕು. ಮಿಲ್ಲರ್ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸಿತು: ಕಾರ್ಯಾಗಾರದ ನಂತರ ತಿದ್ದುವವರು ಸಿಕ್ಕವರ ಕೌಶಲ ಹೆಚ್ಚು ಬೆಳೆಯಿತು. ಹೇಳುವುದು ಸುಲಭ, ತಿದ್ದಿಸಿಕೊಳ್ಳುವುದು ಕಷ್ಟ. ಆಲೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಸಿಬಿಟಿ ಎಂಬ ಇನ್ನೊಂದು ಪದ್ಧತಿಯಲ್ಲಿ ಸೆಷನ್ ಅಳೆಯುವ ಒಂದು ಮಾಪಕದಲ್ಲಿ 11 ಅಂಶಗಳಿವೆ, ಒಂದೊಂದಕ್ಕೂ ಸೊನ್ನೆಯಿಂದ 6ರವರೆಗೆ ಅಂಕ. 66ಕ್ಕೆ 40 ಬಂದರೆ ಸಾಮಾನ್ಯವಾಗಿ ತೇರ್ಗಡೆ. ತಲೆ ನರೆತ, ನಾಲ್ಕು ಜನರಿಗೆ ಪಾಠ ಹೇಳಿದ ಚಿಕಿತ್ಸಕರಿಗೆ ತಮಗಿಂತ ಕಿರಿಯ ಸೂಪರ್‌ವೈಸರ್ ಅದರಲ್ಲಿ 28 ಅಂಕ ಕೊಟ್ಟರೆ ಹೇಗಿರುತ್ತದೆ ಊಹಿಸಿ. “ನಾನು ಎಲ್ಲವನ್ನೂ ಬೆರೆಸಿ, ಕ್ಲೈಂಟ್‌ಗೆ ತಕ್ಕಂತೆ ಬಳಸುತ್ತೇನೆ” ಎಂಬ ಮಾತು ಬಹಳ ಸಲ ಹುಟ್ಟುವುದು ಅಲ್ಲಿಯೇ. ಬೆರೆಸುವುದು ತಪ್ಪಲ್ಲ, ಆದರೆ ಬೆರೆಸಲು ಮೊದಲು ಎರಡೂ ಕೈವಶವಾಗಿರಬೇಕಲ್ಲ?

ಅಂಕ ಹೋಗಲಿ. ಕಲಿಯುವ ಹಂತದಲ್ಲಿ ಹಳೆಯ ಕೌಶಲವೂ ಕೈಕೊಡುತ್ತದೆ. ಮುಂದಿನ ಹೆಜ್ಜೆ ಯಾವುದು, ಅಜೆಂಡಾ ಹಾಕಿದೆನೇ, ಕೊಟ್ಟ ಹೋಂವರ್ಕ್ ಬಗ್ಗೆ ಕೇಳಿದೆನೇ ಎಂದು ಮನಸ್ಸು ಲೆಕ್ಕ ಹಾಕುತ್ತಿರುವಾಗ, ಅಮ್ಮನ ಹೆಸರು ಬಂದೊಡನೆ ಕ್ಲೈಂಟ್ ದನಿ ಕುಸಿದದ್ದು ಗಮನಕ್ಕೇ ಬರುವುದಿಲ್ಲ. ಹಿಂದೆ ಆ ಕ್ಷಣವನ್ನು ಅದೇ ಚಿಕಿತ್ಸಕರು ಎಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಇದರ ಬೆಲೆ ತೆರುವವರು ಕ್ಲೈಂಟ್. ಹಾಗಾಗಿ “ಈ ಪದ್ಧತಿಯನ್ನು ನಾನು ಈಗಷ್ಟೇ ಕಲಿಯುತ್ತಿದ್ದೇನೆ, ಮೇಲ್ವಿಚಾರಣೆಯಲ್ಲಿ ಮಾಡುತ್ತಿದ್ದೇನೆ” ಎಂದು ಅವರಿಗೆ ಮೊದಲೇ ಹೇಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೇಳಿದರೆ ನಂಬಿಕೆ ಹೋಗುತ್ತದೆ ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ.

ಸಂಸ್ಥೆಗಳದ್ದು ಇನ್ನೊಂದು ಕಥೆ. ಕಾರ್ಯಾಗಾರದ ಶುಲ್ಕ ಕಟ್ಟುತ್ತವೆ. ಸೂಪರ್‌ವಿಷನ್‌ಗೆ ವಾರಕ್ಕೊಂದು ಗಂಟೆ ಕೇಳಿದರೆ, ಆ ಗಂಟೆಯಲ್ಲಿ ಇನ್ನೊಬ್ಬ ಕ್ಲೈಂಟ್ ನೋಡಬಹುದಲ್ಲ ಎನ್ನುತ್ತವೆ.

ಈಗ ಹಣ ಕಟ್ಟುವ ಮೊದಲು ಆಯೋಜಕರಿಗೆ ನಾನು ಕೇಳುವುದು ಒಂದೇ: “ಕಾರ್ಯಾಗಾರ ಮುಗಿದ ಮೇಲೆ ನನ್ನ ರೆಕಾರ್ಡಿಂಗ್ ಯಾರು ಕೇಳುತ್ತಾರೆ?” ಸಾಮಾನ್ಯವಾಗಿ ಸಿಗುವ ಉತ್ತರ: “ವಾಟ್ಸ್‌ಆ್ಯಪ್ ಗ್ರೂಪ್ ಇರುತ್ತದೆ ಮೇಡಂ.”