ಗಂಟೆ ಬಾರಿಸುತ್ತದೆ, ಮಾತು ಬರುವುದಿಲ್ಲ

ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ತೀರ್ಥಹಳ್ಳಿ ಕಡೆಯ ನಮ್ಮಂಥ ಮನೆಗಳಿಗೆ, ರೂಟರಿಗೆ ಜೋಡಿಸುವ ಇಂಟರ್‌ನೆಟ್ ಫೋನ್ ಅಡಾಪ್ಟರೇ ಗತಿ. ನಿನ್ನೆ ರಾತ್ರಿ ಅಮ್ಮ ಆಡಿದ್ದೆಲ್ಲ ಬೆಂಗಳೂರಿನ ತಮ್ಮನಿಗೆ ಕೇಳಿಸಿತು, ಅವನ ಒಂದು ಮಾತೂ ಅಮ್ಮನಿಗೆ ಕೇಳಿಸಲಿಲ್ಲ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಹಸಿರು ದೀಪ ಉರಿಯುತ್ತದೆ, ಗಂಟೆಯೂ ಬಾರಿಸುತ್ತದೆ. ಕರೆ ಜೋಡಿಸುವ ಸಂದೇಶ ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ, ಅಂದರೆ ಡೇಟಾ ಹೋಗಿಬರುವ ಸಂಖ್ಯೆಯಿಟ್ಟ ಬಾಗಿಲಿನಲ್ಲಿ, ಹೋದರೆ ಧ್ವನಿ ಬೇರೆಯೇ ಪೋರ್ಟುಗಳಲ್ಲಿ ಬರುತ್ತದೆ. ನಡುವಿನ ರೂಟರ್, ನೆರವಿಗೆಂದೇ ಇಟ್ಟಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯದಿಂದ, ಆ ಸಂದೇಶದೊಳಗಿನ, ಧ್ವನಿ ಎಲ್ಲಿಗೆ ಬರಬೇಕೆಂದು ಹೇಳುವ ವಿಳಾಸವನ್ನು ತಿದ್ದಲು ಹೋಗಿ ಎಷ್ಟೋ ಸಲ ಕೆಡಿಸಿಬಿಡುತ್ತದೆ. ಆ ಸೌಲಭ್ಯವನ್ನು ಆಫ್ ಮಾಡೋಣವೆಂದರೆ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೊಡಲು ಇಂಟರ್‌ನೆಟ್ ಕಂಪನಿ ಒಪ್ಪುವುದಿಲ್ಲ. ನನ್ನ ಮನೆಯ ಬೀಗದ ಕೈ ಬೇರೆಯವರ ಬಳಿ ಏಕಿರಬೇಕು? ರೂಟರ್ ಸರಿಯಿದೆ ಎಂದು ಇಂಟರ್‌ನೆಟ್‌ನವರು, ಅಡಾಪ್ಟರ್ ಸರಿಯಿದೆ ಎಂದು ಅಡಾಪ್ಟರಿನವರು. ಹಾಗಾದರೆ ಧ್ವನಿ ಎಲ್ಲಿ ಹೋಯಿತು?

ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರಂತೂ ರೂಟರ್, ಅಡಾಪ್ಟರ್ ಎರಡೂ ಒಟ್ಟಿಗೇ ಸತ್ತುಬೀಳುತ್ತವೆ. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತಿತ್ತು. ಅದನ್ನು ಕಿತ್ತು ಇದನ್ನು ಕೊಟ್ಟವರು, ಮಳೆಗಾಲದ ಒಂದು ರಾತ್ರಿಯಾದರೂ ಇಲ್ಲಿ ಕುಳಿತು ಆಂಬುಲೆನ್ಸ್‌ಗೆ ಕರೆ ಮಾಡಿ ನೋಡಿದ್ದಾರೆಯೇ?